ಒಂದೇ ಹೆಸರಿನ ಇಬ್ಬರು ಹಿರಿಯರು: ಮಂಗಳೂರಿನ ಹಳೇ ದಾಖಲೆ ಓದುವವರಿಗೆ ಟಿಪ್ಪಣಿ

ಮನೆಯ ಹಿರಿಯರನ್ನು ಹುಡುಕಲು ತಾಲೂಕು ಕಚೇರಿ, ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಹಳೇ ದಾಖಲೆಯ ನಕಲು ತೆಗೆಸುವುದು ಎಲ್ಲರಿಗೂ ಗೊತ್ತು. ಕಷ್ಟ ಶುರುವಾಗುವುದು ನಕಲು ಕೈಗೆ ಬಂದ ಮೇಲೆ.

ಬೋಳಾರದ ಒಂದು ವರ್ಗದ (ಒಬ್ಬರ ಹೆಸರಲ್ಲಿ ಕಂದಾಯಕ್ಕೆ ದಾಖಲಾದ ಹಿಡುವಳಿಯ) ಜಾಗ ಅಂತ ಇಟ್ಟುಕೊಳ್ಳಿ. 1870ರ ಕಾಗದದಲ್ಲಿ ಯಜಮಾನ ತ್ಯಾಂಪಣ್ಣ ಶೆಟ್ಟಿ. 1930ರ ಕಾಗದದಲ್ಲೂ ತ್ಯಾಂಪಣ್ಣ ಶೆಟ್ಟಿ. ಅಜ್ಜ, ಮೊಮ್ಮಗ ಅಂತ ಬರೆದುಬಿಡಬೇಕು ಅನಿಸುತ್ತದೆ, ಅಲ್ವಾ? ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆಯಲ್ಲಿ ಹಾಗೆ ಬರೆಯಬೇಡಿ. ಅಲ್ಲಿ ಯಜಮಾನಿಕೆ ಮಾವನಿಂದ ಸೋದರಳಿಯನಿಗೆ ಹೋಗುತ್ತಿತ್ತು. ಯಜಮಾನನ ಸ್ವಂತ ಮಗ ಅವನ ಅಮ್ಮನ ಮನೆಗೆ ಸೇರಿದವನು.

ಇದನ್ನು ಕಾಗದದ ಮೇಲೆ ಗೀಚಿಯೇ ನೋಡಬೇಕು. ಮೇಲೆ ಹಿರಿಯ ತ್ಯಾಂಪಣ್ಣ, ಪಕ್ಕದಲ್ಲಿ ಅವನ ತಂಗಿ. ತಂಗಿಯ ಕೆಳಗೆ ಅವಳ ಮಗಳು. ಆ ಮಗಳ ಕೆಳಗೆ ಕಿರಿಯ ತ್ಯಾಂಪಣ್ಣ. ಅಂದರೆ ಹಿರಿಯವನು ಕಿರಿಯವನ ಅಜ್ಜ ಅಲ್ಲ, ಅಜ್ಜಿಯ ಅಣ್ಣ. ನಡುವಿನ ಇಬ್ಬರು ಹೆಂಗಸರ ಹೆಸರು ತೀರ್ವೆ (ಭೂಕಂದಾಯ) ಕಾಗದದಲ್ಲಿ ಇರುವುದೇ ಇಲ್ಲ, ಆದರೆ ಮನೆ ಉಳಿದದ್ದು ಅವರಿಂದ. ನನಗೆ ಇಡೀ ಹುಡುಕಾಟದಲ್ಲಿ ಮುಖ್ಯ ಅನಿಸುವುದು ಈ ಇಬ್ಬರೇ.

ಪರೀಕ್ಷೆ ಮಾಡಲು ಬಳಿ, ಅಂದರೆ ತಾಯಿಯ ಕಡೆಯ ಕುಲದ ಹೆಸರು, ಕೇಳಿ. ಬಳಿ ಅಮ್ಮನಿಂದ ಬರುತ್ತದೆ, ಒಂದೇ ಬಳಿಯೊಳಗೆ ಮದುವೆ ಇಲ್ಲ. ಹಾಗಾಗಿ ಇಬ್ಬರದ್ದೂ ಒಂದೇ ಬಳಿ ಆದರೆ ಅವರು ಅಪ್ಪ-ಮಗ ಆಗಿರಲು ಸಾಧ್ಯವಿಲ್ಲ. ಬಳಿ ಬೇರೆ ಆದರೆ ಆಗಿರಬಹುದು. ಮನೆಯ ಹಿರಿಯ ಹೆಂಗಸರಿಗೆ ಇದು ಬಾಯಲ್ಲೇ ಇರುತ್ತದೆ, ಮೊದಲು ಅವರ ಹತ್ತಿರ ಕೂತುಕೊಳ್ಳಿ.

ಆಮೇಲೆ ಪಾಲುಪಟ್ಟಿ ಹುಡುಕಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಿಂದ ಕವರು (ಒಬ್ಬ ತಾಯಿಯಿಂದ ಹೆಣ್ಣುಮಕ್ಕಳ ಮೂಲಕ ಬಂದ ಕವಲು) ಪ್ರಕಾರ ಪಾಲು ಕೇಳುವ ಹಕ್ಕು ಬಂತು. ಆ ಕಾಲದ ಪಾಲುಪಟ್ಟಿಯಲ್ಲಿ ಯಾರು ಯಾವ ತಾಯಿಯ ಕವರು ಅಂತ ಸಾಲಾಗಿ ಬರುತ್ತದೆ. ತೀರ್ವೆ ಕಾಗದ ಬಿಟ್ಟುಹೋದ ಹೆಂಗಸರು ಇಲ್ಲಿ ಸಿಗುತ್ತಾರೆ.

ಕ್ರೈಸ್ತ ಕುಟುಂಬಗಳಲ್ಲಿ ಲೆಕ್ಕ ಬೇರೆ. ಮೊದಲ ಗಂಡು ಮಗುವಿಗೆ ಅಪ್ಪನ ಅಪ್ಪನ ಹೆಸರಿಡುವ ರೂಢಿ ಇತ್ತು, ಹಾಗಾಗಿ ಅಣ್ಣತಮ್ಮಂದಿರ ಮೊದಲ ಗಂಡುಮಕ್ಕಳೆಲ್ಲ ಒಂದೇ ಹೆಸರಿನವರು. ಇಗರ್ಜಿಯ (ಚರ್ಚಿನ) ಜ್ಞಾನಸ್ನಾನದ ಪುಸ್ತಕದಲ್ಲಿ ತಾಯಿಯ ಹೆಸರು, ದೇವಪಿತರ (ಗಾಡ್‌ಫಾದರ್) ಹೆಸರು ನೋಡಿ ಬೇರೆ ಮಾಡಿ. 1784ರಲ್ಲಿ ಟಿಪ್ಪು ಇಲ್ಲಿನ ಕ್ರೈಸ್ತರನ್ನು ಸೆರೆಹಿಡಿದು ಒಯ್ದಾಗ ಹೆಚ್ಚಿನ ಇಗರ್ಜಿಗಳು ನೆಲಸಮ ಆದವು. ಅದಕ್ಕಿಂತ ಹಿಂದಿನ ಪುಸ್ತಕ ಸಿಗುವುದು ಕಷ್ಟ.

ಇನ್ನು ಇಸವಿ. ಫಸಲಿಗೆ, ಅಂದರೆ ಕಂದಾಯದ ವರ್ಷಕ್ಕೆ, 590 ಕೂಡಿಸಿ. ಫಸಲಿ 1314 ಅಂದರೆ 1904ರ ಜುಲೈನಿಂದ ಮುಂದಿನ ಜೂನ್‌ವರೆಗೆ. ಇಷ್ಟು ಸಾಕು.

ಸಂವತ್ಸರ ಮಾತ್ರ ಬರೆದಿದ್ದರೆ ಜಾಸ್ತಿ ಹುಷಾರಾಗಿರಬೇಕು. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ, ಒಂದೇ ಹೆಸರು ಮನೆಯಲ್ಲಿ ತಿರುಗಿ ಬರುವುದೂ ಹೆಚ್ಚುಕಡಿಮೆ ಅಷ್ಟೇ ಹೊತ್ತಿಗೆ. ಕ್ರೋಧಿ 1844ರಲ್ಲೂ ಇತ್ತು, 1904ರಲ್ಲೂ, 1964ರಲ್ಲೂ. ಆಗ ಛಾಪಾ ಕಾಗದದ ಮುದ್ರೆ ನೋಡಿ. ಗಡ್ಡದ ಏಳನೇ ಎಡ್ವರ್ಡ್ ಇದ್ದರೆ ಅದು 1904ರ ಕ್ರೋಧಿಯೇ.