ಅಜಿಮತ್: ದಿಕ್ಕನ್ನು ಡಿಗ್ರಿಯಲ್ಲಿ ಎಣಿಸಿದ ಕಥೆ

ನಮ್ಮ ಎದುರು ಮನೆಯ ತಾರಸಿ ಮೇಲೊಂದು ಮೊಬೈಲ್ ಟವರ್ ಇದೆ. ಹೋದ ಡಿಸೆಂಬರಿನಲ್ಲಿ ಒಬ್ಬ ಹುಡುಗ ಸೊಂಟಕ್ಕೆ ಬೆಲ್ಟ್ ಕಟ್ಟಿಕೊಂಡು ಅದರ ತುದಿಗೆ ಹತ್ತಿದ್ದ. ಕೆಳಗೆ ಬೀದಿಯಲ್ಲಿ ನಿಂತವನು ಕತ್ತೆತ್ತಿ ಕೂಗುತ್ತಿದ್ದ: "ಲೇ, ಅಜಿಮತ್ ನೂರಿಪ್ಪತ್ತು ಇಡೋ, ನೂರಹತ್ತಲ್ಲ!" ಮೇಲಿನವನು "ನೂರಿಪ್ಪತ್ತೇ ಐತಣ್ಣ" ಅಂದ. ಏನಪ್ಪಾ ಅದು ಅಜಿಮತ್ ಅಂದರೆ ಎಂದು ಕೆಳಗಿದ್ದವನನ್ನು ಕೇಳಿದೆ. "ಆಂಟೆನಾ ಯಾವ ಕಡೆ ಮುಖ ಮಾಡೈತೆ ಅನ್ನೋ ಲೆಕ್ಕ ಸರ್."

ಇದಕ್ಕಿಂತ ಚೆನ್ನಾದ ವ್ಯಾಖ್ಯೆ ನನಗೆ ಯಾವ ಪಠ್ಯಪುಸ್ತಕದಲ್ಲೂ ಸಿಕ್ಕಿಲ್ಲ. ಉತ್ತರಕ್ಕೆ ಮುಖ ಮಾಡಿ ನಿಲ್ಲಿ, ಅದು ಸೊನ್ನೆ. ಬಲಕ್ಕೆ ತಿರುಗುತ್ತ ಹೋಗಿ. ಪೂರ್ವ 90, ದಕ್ಷಿಣ 180, ಪಶ್ಚಿಮ 270. ಮತ್ತೆ ಉತ್ತರಕ್ಕೆ ಬಂದರೆ 360, ಅಂದರೆ ಮರಳಿ ಸೊನ್ನೆ. ದೂರದ ಗುಡ್ಡವೋ ನಕ್ಷತ್ರವೋ ಹಡಗೋ, ಅದನ್ನು ನೋಡಲು ಉತ್ತರದಿಂದ ಎಷ್ಟು ಡಿಗ್ರಿ ತಿರುಗಬೇಕೋ ಅದೇ ಅದರ ಅಜಿಮತ್. ಅದು ಎಷ್ಟು ಎತ್ತರದಲ್ಲಿದೆ ಎಂಬುದು ಬೇರೆ ಲೆಕ್ಕ. ಕನ್ನಡದಲ್ಲಿ ಇದಕ್ಕೆ 'ದಿಗಂಶ' ಎನ್ನುತ್ತಾರೆ. ಒಳ್ಳೆಯ ಪದವೇ, ಆದರೆ ಟವರ್ ಹತ್ತುವವರ ಬಾಯಿಗೆ ಇನ್ನೂ ಬಂದಿಲ್ಲ.

ಎಂಟು ದಿಕ್ಕುಗಳಿರುವಾಗ ಡಿಗ್ರಿ ಯಾಕೆ ಬೇಕಾಯಿತು? ನಮ್ಮ 'ಮೂಡಣ'ವನ್ನೇ ತೆಗೆದುಕೊಳ್ಳಿ. ಸೂರ್ಯ ಮೂಡುವ ಕಡೆ ಮೂಡಣ, ಅವನು ಪಡುವ ಕಡೆ ಪಡುವಣ. ಆದರೆ ಸೂರ್ಯ ದಿನವೂ ಒಂದೇ ಕಡೆ ಮೂಡುವುದಿಲ್ಲವಲ್ಲ. ಬೆಂಗಳೂರಿನಲ್ಲಿ ಜೂನ್ ಕೊನೆಯ ಸೂರ್ಯೋದಯದ ಅಜಿಮತ್ ಸುಮಾರು 66 ಡಿಗ್ರಿ, ಡಿಸೆಂಬರ್ ಕೊನೆಯದು ಸುಮಾರು 114. ಎಂದರೆ ಮೂಡಣ ಒಂದು ಬಿಂದುವಲ್ಲ, 48 ಡಿಗ್ರಿ ಅಗಲದ ಬಯಲು. ಸರಿಯಾಗಿ 90ರಲ್ಲಿ ಅವನು ಮೂಡುವುದು ವರ್ಷಕ್ಕೆ ಎರಡೇ ಸಲ. ಹೊಲಕ್ಕೆ ಹೋಗುವವನಿಗೆ ಇಷ್ಟು ಸಡಿಲವಿದ್ದರೂ ನಡೆಯುತ್ತದೆ. ಗಡಿ ಅಳೆಯುವವನಿಗೆ ನಡೆಯದು: ದಿಕ್ಕು ಒಂದು ಡಿಗ್ರಿ ತಪ್ಪಿದರೆ ಒಂದು ಕಿಲೋಮೀಟರ್ ನಡೆಯುವಷ್ಟರಲ್ಲಿ ಹದಿನೇಳೂವರೆ ಮೀಟರ್ ಪಕ್ಕಕ್ಕೆ ಸರಿದಿರುತ್ತೀರಿ. ಪಕ್ಕದ ಹೊಲದವರ ಜತೆ ಜಗಳಕ್ಕೆ ಅಷ್ಟು ಧಾರಾಳವಾಗಿ ಸಾಕು.

ಪದದ ಮೂಲ ಅರಬ್ಬಿ. 'ಸಮ್ತ್' ಎಂದರೆ ದಾರಿ, ದಿಕ್ಕು; ಬಹುವಚನ 'ಸುಮೂತ್'. ಅದಕ್ಕೆ ಇಂಗ್ಲಿಷಿನ 'ದಿ' ಇದ್ದಂಥ 'ಅಲ್' ಸೇರಿದಾಗ ಲ್ ಕರಗಿ 'ಅಸ್ಸುಮೂತ್' ಎಂದು ಉಚ್ಚಾರವಾಗುತ್ತದೆ. ಅರಬ್ಬಿ ಖಗೋಳ ಗ್ರಂಥಗಳು ಲ್ಯಾಟಿನ್ನಿಗೆ ಅನುವಾದವಾದ ಕಾಲದಲ್ಲಿ ಈ ಪದವೂ ಯುರೋಪಿಗೆ ಹೋಯಿತು. ಇಂಗ್ಲಿಷಿನಲ್ಲಿ ಅದು ಸಿಗುವ ತೀರ ಹಳೆಯ ಬರಹಗಳಲ್ಲೊಂದು, ಕವಿ ಚಾಸರ್ 1391ರ ಸುಮಾರಿಗೆ ತನ್ನ ಹತ್ತು ವರ್ಷದ ಮಗನಿಗೆ ಆಸ್ಟ್ರೋಲೇಬ್ ಎಂಬ ಖಗೋಳ ಉಪಕರಣ ಬಳಸುವುದನ್ನು ಹೇಳಿಕೊಡಲು ಬರೆದದ್ದು. ನೆತ್ತಿಯ ಮೇಲಿನ ಬಿಂದುವಿಗೆ ಇಂಗ್ಲಿಷಿನವರು 'ಜೆನಿತ್' ಎನ್ನುವುದೂ ಇದೇ 'ಸಮ್ತ್'ನಿಂದ. 'ಸಮ್ತ್ ಅರ್‌ರಾಸ್', ಅಂದರೆ ತಲೆಯ ಮೇಲಿನ ದಾರಿ. ಪ್ರತಿ ಮಾಡುತ್ತಿದ್ದ ಲಿಪಿಕಾರರು ಲ್ಯಾಟಿನ್ನಿನ ಎಂ ಅಕ್ಷರದ ಮೂರು ಗೀಟುಗಳನ್ನು ಎನ್ ಮತ್ತು ಐ ಎಂದು ಓದಿಕೊಂಡರು, 'ಸೆಮ್ತ್' ಹೋಗಿ 'ಸೆನಿತ್' ಆಯಿತು. ಕಣ್ತಪ್ಪಿನಿಂದ ಹುಟ್ಟಿದ ಆ ಪದವನ್ನು ಈಗ ಯಾರೂ ತಿದ್ದುವಂತಿಲ್ಲ.

ಪದ ಅರಬ್ಬಿಯಾದರೂ ವಿಧಾನದ ಕಥೆ ಬೇರೆ. ದಿಕ್ಕು ಎಣಿಸಲು ಮೊದಲು ಸೊನ್ನೆ ಸಿಗಬೇಕು, ಎಂದರೆ ನಿಜವಾದ ಉತ್ತರ ಗೊತ್ತಾಗಬೇಕು. ಅದನ್ನು ಬಿಸಿಲಿನಿಂದ ಕಂಡುಹಿಡಿಯುವ ಒಂದು ಉಪಾಯವನ್ನು ಅರಬ್ಬಿ ಪಂಡಿತರು 'ಹಿಂದೂ ವೃತ್ತ', ಅಂದರೆ ಹಿಂದ್ ದೇಶದ ವೃತ್ತ, ಎಂದೇ ಕರೆದರು. ನಮ್ಮಲ್ಲಿ ಅದು ಯಜ್ಞವೇದಿ ಕಟ್ಟುವವರ ಉಪಾಯ, ಕಾತ್ಯಾಯನ ಶುಲ್ಬಸೂತ್ರದಲ್ಲಿದೆ. ನೆಲಕ್ಕೊಂದು ಶಂಕು, ಎಂದರೆ ನೇರವಾದ ಗೂಟ, ನೆಟ್ಟು, ಅದರ ಸುತ್ತ ವೃತ್ತ ಎಳೆದು, ನೆರಳನ್ನು ಕಾಯುವುದು.

ಟವರ್ ಹುಡುಗರು ಹೋದ ಮಾರನೆಯ ದಿನ ನಾನೂ ತಾರಸಿ ಮೇಲೆ ಕಾದೆ. ಮಣ್ಣು ತುಂಬಿದ ಡಬ್ಬಿಯಲ್ಲಿ ನೆಟ್ಟ ಕಡ್ಡಿ ತೂಕದಗುಂಡಿನ ದಾರಕ್ಕೆ ಸರಿಯಾಗಿ ನೆಟ್ಟಗಿದೆಯೇ ಎಂದು ನೋಡಿಕೊಂಡೆ. ಡಬ್ಬಿಯ ಮಟ್ಟದಿಂದ ಕಡ್ಡಿ ಒಂದಡಿ. ಆ ಮಟ್ಟಕ್ಕೇ ಸುತ್ತ ಹಲಗೆ ಹಾಸಿ ಹದಿನಾಲ್ಕು ಇಂಚು ತ್ರಿಜ್ಯದ ವೃತ್ತ ಎಳೆದೆ. ಬೆಳಗ್ಗೆ ನೆರಳು ಪಶ್ಚಿಮದ ಕಡೆ ಉದ್ದಕ್ಕೆ ಚಾಚಿತ್ತು. ಕುಗ್ಗುತ್ತ ಬಂದು, ಹತ್ತು ದಾಟಿ ಮೂರು ನಿಮಿಷಕ್ಕೆ ಅದರ ತುದಿ ವೃತ್ತದ ಗೆರೆ ಮುಟ್ಟಿ ಒಳಗೆ ಹೋಯಿತು. ಅಲ್ಲೊಂದು ಗುರುತು. ಮಧ್ಯಾಹ್ನದ ಮೇಲೆ ನೆರಳು ಮತ್ತೆ ಬೆಳೆದು, 2 ಗಂಟೆ 37 ನಿಮಿಷಕ್ಕೆ ಪೂರ್ವದ ಕಡೆಯಿಂದ ಗೆರೆ ದಾಟಿತು. ಅಲ್ಲಿ ಇನ್ನೊಂದು. ಎರಡನ್ನೂ ಕೂಡಿಸಿದ ಗೆರೆಯೇ ಪೂರ್ವ–ಪಶ್ಚಿಮ. ಅದಕ್ಕೆ ಲಂಬ ಎಳೆದರೆ ಉತ್ತರ. ಕಾರಣ ಸರಳ: ನೆರಳಿನ ಉದ್ದ ಎರಡು ಹೊತ್ತಿನಲ್ಲೂ ಒಂದೇ ಎಂದರೆ ಸೂರ್ಯ ಅಷ್ಟೇ ಎತ್ತರದಲ್ಲಿದ್ದ, ಉತ್ತರ–ದಕ್ಷಿಣ ರೇಖೆಯ ಆಚೆ ಈಚೆ ಅಷ್ಟಷ್ಟೇ ದೂರದಲ್ಲಿದ್ದ. ಎರಡೂ ಹೊತ್ತಿನ ನಡುಮಧ್ಯ 12 ಗಂಟೆ 20 ನಿಮಿಷ. ಬೆಂಗಳೂರಿನ ಆ ದಿನದ ನಿಜವಾದ ನಡುಹಗಲು ಅದೇ. ಅದು ಹನ್ನೆರಡಕ್ಕೆ ಆಗಲಿಲ್ಲ ಯಾಕೆಂದರೆ ನಮ್ಮ ಗಡಿಯಾರ ನಡೆಯುವುದು ಪೂರ್ವಕ್ಕೆ ದೂರವಿರುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ.

ಡಿಸೆಂಬರ್ ಕೊನೆ ಇದಕ್ಕೆ ಒಳ್ಳೆಯ ಕಾಲ. ಆಗ ಸೂರ್ಯ ದಕ್ಷಿಣಕ್ಕೂ ಉತ್ತರಕ್ಕೂ ಹೆಚ್ಚು ಸರಿಯುವುದಿಲ್ಲ. ಮಾರ್ಚಿನಲ್ಲಾದರೆ ಬೆಳಗಿಗೂ ಮಧ್ಯಾಹ್ನಕ್ಕೂ ನಡುವೆಯೇ ಅವನು ತುಸು ಜಾರಿ, ಗೆರೆ ಒಂದಿಷ್ಟು ಓರೆಯಾಗುತ್ತದೆ. ಹನ್ನೆರಡನೆಯ ಶತಮಾನದ ಭಾಸ್ಕರಾಚಾರ್ಯರ ಹೊತ್ತಿಗೆ ಈ ಸೂಕ್ಷ್ಮಕ್ಕೂ ತಿದ್ದುಪಡಿ ಲೆಕ್ಕವಿತ್ತು.

ಅರಬ್ಬರಿಗೆ ದಿಕ್ಕಿನ ಲೆಕ್ಕ ಇಷ್ಟು ಮುಖ್ಯವಾದದ್ದಕ್ಕೆ ಒಂದು ಕಾರಣ ನಮಾಜು. ಎಲ್ಲೇ ಇದ್ದರೂ ಮೆಕ್ಕಾದ ಕಡೆ ಮುಖ ಮಾಡಬೇಕು, ಎಂದರೆ ಪ್ರತಿ ಊರಿನಿಂದಲೂ ಮೆಕ್ಕಾದ ಅಜಿಮತ್ ಬೇಕು. ಭೂಮಿ ಗುಂಡಗಿರುವುದರಿಂದ ಇದು ನಕ್ಷೆಯ ಮೇಲೆ ಸ್ಕೇಲಿಟ್ಟು ನೋಡುವಷ್ಟು ಸುಲಭವಲ್ಲ. ಬೆಂಗಳೂರಿನಿಂದ ಮೆಕ್ಕಾಕ್ಕೆ ಚಪ್ಪಟೆ ನಕ್ಷೆಯಲ್ಲಿ ಗೆರೆ ಎಳೆದರೆ ಸುಮಾರು 283 ಡಿಗ್ರಿ ಬರುತ್ತದೆ. ಗೋಲದ ಮೇಲಿನ ಅತಿ ಹತ್ತಿರದ ದಾರಿ ಹಿಡಿದರೆ 288ಕ್ಕೂ ಮಿಕ್ಕಿ. ಈ ವ್ಯತ್ಯಾಸ ಬಿಡಿಸಲು ಹೋಗಿಯೇ ಗೋಲದ ತ್ರಿಕೋನಮಿತಿ ಬಹಳಷ್ಟು ಬೆಳೆಯಿತು.

ಅದೇ ಅರಬ್ಬೀ ಸಮುದ್ರದ ನಾವಿಕರಿಗೆ ಡಿಗ್ರಿಯ ಹಂಗಿರಲಿಲ್ಲ. ಅವರು ದಿಗಂತವನ್ನು 32 ಭಾಗ ಮಾಡಿ, ಒಂದೊಂದಕ್ಕೂ ಅಲ್ಲಿ ಮೂಡುವ ಅಥವಾ ಮುಳುಗುವ ನಕ್ಷತ್ರದ ಹೆಸರಿಟ್ಟಿದ್ದರು. ದಕ್ಷಿಣದ ಕಡೆಯ 'ಸುಹೈಲ್' ಎಂದರೆ ನಮ್ಮ ಅಗಸ್ತ್ಯ ನಕ್ಷತ್ರ.

ಸೊನ್ನೆ ಉತ್ತರದಲ್ಲೇ ಇರಬೇಕೆಂಬ ದೈವಾಜ್ಞೆಯೇನೂ ಇಲ್ಲ. ಅಮೆರಿಕದ ಸರ್ಕಾರಿ ಭೂಮಾಪನದವರು ಇಪ್ಪತ್ತನೆಯ ಶತಮಾನದ ಬಹುಪಾಲು ದಕ್ಷಿಣದಿಂದ ಎಣಿಸುತ್ತಿದ್ದರು. 1983ರ ಹೊಸ ಮಾಪನ ವ್ಯವಸ್ಥೆಯಲ್ಲಷ್ಟೇ ಉತ್ತರಕ್ಕೆ ಬಂದರು. ಹಳೆಯ ದಾಖಲೆ ಹಿಡಿದು ಲೆಕ್ಕ ಹಾಕುವವರು ಇದನ್ನು ಮರೆತರೆ ಮುಖ ತಿರುಗಿಸಬೇಕಾದ ಕಡೆ ಬೆನ್ನು ತಿರುಗಿಸಿರುತ್ತಾರೆ.

ದಿಕ್ಕು ತಪ್ಪಿದರೆ ಏನಾದೀತು ಎಂಬುದಕ್ಕೆ ಶ್ರೀರಂಗಪಟ್ಟಣದ ಒಂದು ರಾತ್ರಿಯೇ ಸಾಕ್ಷಿ. 1799ರ ಏಪ್ರಿಲ್. ಬ್ರಿಟಿಷ್ ಸೇನಾಪತಿ ಬೇರ್ಡ್ ತನ್ನ ತುಕಡಿಯನ್ನು ಕತ್ತಲಲ್ಲಿ ನಡೆಸಿಕೊಂಡು ಹೊರಟಿದ್ದ. ಜತೆಗಿದ್ದ ಸೇನಾಧಿಕಾರಿ ವಿಲಿಯಂ ಲ್ಯಾಂಬ್ಟನ್ ಆಕಾಶ ನೋಡಿ, ನಾವು ದಕ್ಷಿಣಕ್ಕಲ್ಲ, ಉತ್ತರಕ್ಕೆ, ಟಿಪ್ಪುವಿನ ಸೈನ್ಯದ ಕಡೆಗೇ ನಡೆಯುತ್ತಿದ್ದೇವೆ ಎಂದ. ಬೇರ್ಡ್ ಮೊದಲು ನಂಬಲಿಲ್ಲ. ದಿಕ್ಸೂಚಿ ನೋಡಿದಾಗ ನಕ್ಷತ್ರಗಳ ಮಾತೇ ನಿಜವಾಯಿತು.

ಅದೇ ಲ್ಯಾಂಬ್ಟನ್ ಮರುವರ್ಷ ಬೆಂಗಳೂರಿನಲ್ಲಿ ಏಳು ಮೈಲಿ ಮೀರಿದ ಆಧಾರರೇಖೆಯೊಂದನ್ನು ಸರಪಳಿಯಿಂದ ಅಳೆದ. ಮುಂದೆ ಭಾರತದ ಮಹಾ ತ್ರಿಕೋನಮಿತೀಯ ಸರ್ವೆಯಾಗಿ ಬೆಳೆದ ಕೆಲಸದ ಮೊದಲ ಹೆಜ್ಜೆಗಳು ಇವು. ಒಂದು ಬದಿಯ ಉದ್ದವೂ ಕೋನಗಳೂ ಗೊತ್ತಿದ್ದರೆ ತ್ರಿಕೋನದ ಆಕಾರ, ಅಳತೆ ಸಿಗುತ್ತದೆ. ಆದರೆ ತ್ರಿಕೋನಗಳ ಆ ಜಾಲ ಭೂಮಿಯ ಮೇಲೆ ಯಾವ ಕಡೆಗೆ ತಿರುಗಿ ಕೂತಿದೆ? ಅದನ್ನು ತ್ರಿಕೋನ ಹೇಳುವುದಿಲ್ಲ. ಒಂದಾದರೂ ಬದಿಯ ಅಜಿಮತ್ ಆಕಾಶದಿಂದ ಬರಬೇಕು.

ಧ್ರುವತಾರೆ ಇದೆಯಲ್ಲ ಎನ್ನಬಹುದು. ಅದೂ ಸರಿಯಾಗಿ ಧ್ರುವದಲ್ಲಿಲ್ಲ. ಲ್ಯಾಂಬ್ಟನ್ ಕಾಲಕ್ಕೆ ಒಂದೂ ಮುಕ್ಕಾಲು ಡಿಗ್ರಿ ಆಚೆಗಿದ್ದು, ದಿನಕ್ಕೊಂದು ಸುತ್ತು ಹಾಕುತ್ತಿತ್ತು. ಭೂಮಾಪಕರು ಅದಕ್ಕೊಂದು ಜಾಣ ದಾರಿ ಕಂಡುಕೊಂಡಿದ್ದರು. ಉಯ್ಯಾಲೆ ತುದಿ ಮುಟ್ಟಿದಾಗ ಒಂದು ಕ್ಷಣ ನಿಂತಂತೆ ಕಾಣುವುದಿಲ್ಲವೇ? ಹಾಗೇ ಧ್ರುವತಾರೆ ತನ್ನ ಸುತ್ತಿನ ಪೂರ್ವ ಅಥವಾ ಪಶ್ಚಿಮದ ಅಂಚಿಗೆ ಬಂದಾಗ ಪಕ್ಕಕ್ಕೆ ಸರಿಯುವುದು ನಿಲ್ಲುತ್ತದೆ, ಬರೀ ಮೇಲಕ್ಕೋ ಕೆಳಕ್ಕೋ ಸಾಗುತ್ತದೆ. ಆ ಹೊತ್ತಿಗೆ ಕೋನ ಅಳೆಯುವ ಥಿಯೋಡೋಲೈಟನ್ನು ಅದರತ್ತ ತಿರುಗಿಸಿದರೆ ಗಡಿಯಾರ ಒಂದೆರಡು ನಿಮಿಷ ತಪ್ಪಿದ್ದರೂ ಅಜಿಮತ್ ಕೆಡುವುದಿಲ್ಲ.

ದಿಕ್ಸೂಚಿಯ ಉತ್ತರ ಮತ್ತೂ ಬೇರೆ. ಅದು ಭೂಮಿಯ ಕಾಂತತ್ವ ಎಳೆದ ಕಡೆ ತಿರುಗುವುದು. ಬೆಂಗಳೂರಿನಲ್ಲಿ ನಿಜ ಉತ್ತರಕ್ಕೂ ಅದಕ್ಕೂ ಎರಡು ಡಿಗ್ರಿಯೊಳಗಿನ ಅಂತರ, ಕೆಲವು ದೇಶಗಳಲ್ಲಿ ಹತ್ತಾರು. ವಿಮಾನದವರ ಲೆಕ್ಕ ಇದರ ಮೇಲೇ. ಕೆಂಪೇಗೌಡ ವಿಮಾನ ನಿಲ್ದಾಣದ ರನ್‌ವೇಗಳ ಒಂದು ತುದಿಯಲ್ಲಿ 09, ಇನ್ನೊಂದರಲ್ಲಿ 27 ಎಂದು ಬರೆದಿರುವುದು 90 ಮತ್ತು 270ರ ಕೊನೆಯ ಸೊನ್ನೆ ತೆಗೆದು. ಕಾಂತ ಉತ್ತರ ವರ್ಷವರ್ಷ ಸರಿಯುವುದರಿಂದ ಎಷ್ಟೋ ಊರುಗಳಲ್ಲಿ ಈ ಅಂಕಿಗಳನ್ನು ಅಳಿಸಿ ಬೇರೆ ಬರೆಯಬೇಕಾಗಿ ಬಂದಿದೆ.

ತಾರಸಿಯ ಗೆರೆಗೆ ನಮ್ಮ ಪ್ಯಾರಪೆಟ್ ಗೋಡೆ ಹೋಲಿಸಿದೆ. ಏಳು ಡಿಗ್ರಿ ಓರೆ. ಪೂರ್ವದ ಬಾಗಿಲೆಂದು ನಾಲ್ಕು ಕಾಸು ಹೆಚ್ಚು ಕೊಟ್ಟು ತೆಗೆದುಕೊಂಡ ಮನೆ ಮುಖ ಮಾಡಿರುವುದು 97 ಡಿಗ್ರಿಗೆ. ಅಮ್ಮನಿಗೆ ಹೇಳಿದೆ. ಅವರು ಹೂಕೋಸು ಬಿಡಿಸುತ್ತಿದ್ದವರು ತಲೆ ಎತ್ತದೆ, "ಹಾಗಾದ್ರೆ ಸೂರ್ಯ ಬಾಗಿಲಿಗೆ ನೇರ ಬರೋದೇ ಇಲ್ವಾ?" ಎಂದರು. ಲೆಕ್ಕ ಹಾಕಿ ನೋಡಿದೆ. 97ರಲ್ಲಿ ಅವನು ಮೂಡುವುದು ಮಾರ್ಚ್ ಮೊದಲ ವಾರ ಒಮ್ಮೆ, ಅಕ್ಟೋಬರ್ ಎರಡನೆಯ ವಾರ ಇನ್ನೊಮ್ಮೆ.

"ಆಯುಧಪೂಜೆ ಹೊತ್ತಿಗೆ ಅನ್ನು," ಎಂದರು ಅಮ್ಮ.