ಕ್ಯಾಸೆಟ್ ಇಳಿಸಲು 192 ಕಿಲೋಹರ್ಟ್ಸ್ ಬೇಕೇ?

ಪ್ರಶ್ನೆ: ಮನೆಯಲ್ಲಿ ಹಳೆಯ ಯಕ್ಷಗಾನದ ಕ್ಯಾಸೆಟ್‌ಗಳಿವೆ. ಆಡಾಸಿಟಿ ಬಳಸಿ ಕಂಪ್ಯೂಟರಿಗೆ ಇಳಿಸಬೇಕೆಂದಿದ್ದೇನೆ. ಗುಣಮಟ್ಟ ಕೆಡದಿರಲು 24 ಬಿಟ್, 192 ಕಿಲೋಹರ್ಟ್ಸ್ ಇಡಲೇ?

ಬೇಡ. 44.1 ಅಥವಾ 48 ಕಿಲೋಹರ್ಟ್ಸ್, ಅಂದರೆ ಸೆಕೆಂಡಿಗೆ 44,100 ಅಥವಾ 48,000 ಬಾರಿ ಧ್ವನಿಯನ್ನು ಅಳೆದರೆ (ಒಂದೊಂದು ಅಳತೆಯೂ ಒಂದು ಸ್ಯಾಂಪಲ್) ಧಾರಾಳವಾಯಿತು. ಈ ಪ್ರಶ್ನೆ ಒಮ್ಮೆ ಭಜನೆಯ ಕ್ಯಾಸೆಟ್ಟಾಗಿ, ಇನ್ನೊಮ್ಮೆ ಮದುವೆಯ ರೆಕಾರ್ಡಿಂಗ್ ಆಗಿ ವೇಷ ಬದಲಿಸಿಕೊಂಡು ಬರುತ್ತಲೇ ಇದೆ. ‘ಸಾಕು’ ಎಂದರೆ ಯಾರೂ ನಂಬುವುದಿಲ್ಲವಾದ್ದರಿಂದ ಈ ಸಲ ಕಾರಣವನ್ನೂ ಹೇಳುತ್ತೇನೆ.

ಎಲ್ಲ ತಪ್ಪಿಗೂ ಮೂಲ ಆ ಮೆಟ್ಟಿಲಿನ ಚಿತ್ರ. ಡಿಜಿಟಲ್ ಧ್ವನಿಯೆಂದರೆ ಮೆಟ್ಟಿಲು ಮೆಟ್ಟಿಲಾದ ಅಲೆ, ಸ್ಯಾಂಪಲ್ ಹೆಚ್ಚಿದಷ್ಟೂ ಅದು ನುಣುಪಾಗುತ್ತದೆ ಎಂದು ಯಾರೋ ಬರೆದು ತೋರಿಸಿದರು. ಅದು ಎಲ್ಲರ ತಲೆಯಲ್ಲಿ ಕೂತುಬಿಟ್ಟಿತು. ಫೈಲಿನಲ್ಲಿ ಮೆಟ್ಟಿಲುಗಳಿಲ್ಲ, ಸ್ಯಾಂಪಲ್‌ಗಳೆಂಬ ಚುಕ್ಕಿಗಳಷ್ಟೇ ಇವೆ. ಧ್ವನಿಯಲ್ಲಿರುವ ಗರಿಷ್ಠ ಆವರ್ತನದ (ಸೆಕೆಂಡಿಗೆ ಎಷ್ಟು ಕಂಪನ ಎಂಬುದರ) ಎರಡರಷ್ಟನ್ನು ಮೀರಿ ಸ್ಯಾಂಪಲ್ ತೆಗೆದಿದ್ದರೆ, ಆ ಮಿತಿಯೊಳಗೆ ಅಷ್ಟೂ ಚುಕ್ಕಿಗಳನ್ನು ಹಾಯುವ ಅಲೆ ಒಂದೇ ಒಂದು. ಸ್ಪೀಕರಿಗೆ ಹೋಗುವುದೂ ಆ ನುಣುಪಾದ ಅಲೆಯೇ. ಇದು ಅಭಿಪ್ರಾಯವಲ್ಲ, ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರ ಪ್ರಬಂಧದಲ್ಲಿ ಸಾಧಿಸಿ ತೋರಿಸಿದ ಗಣಿತ. ಎಳೆಯ, ಆರೋಗ್ಯವಂತ ಕಿವಿಗೆ ಕೇಳುವುದು ಸುಮಾರು 20 ಕಿಲೋಹರ್ಟ್ಸ್‌ವರೆಗೆ. 1982ರಲ್ಲಿ ಸಿಡಿ ಮಾರುಕಟ್ಟೆಗೆ ಬಂದಾಗ 20ರ ಎರಡರಷ್ಟನ್ನು ಮೀರಿದ 44.1 ಇದ್ದದ್ದು ಸುಮ್ಮನೆ ಅಲ್ಲ.

ಅದೂ ಕ್ಯಾಸೆಟ್ಟಿಗೆ! ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುವ ಆ ಸಣ್ಣ ಪಟ್ಟಿಯಿಂದ ಮನೆಯ ಸಾಧಾರಣ ಟೇಪ್ ರೆಕಾರ್ಡರ್ 12–15 ಕಿಲೋಹರ್ಟ್ಸ್ ಹೊರಡಿಸಿದರೆ ಅದೇ ದೊಡ್ಡದು. ಆಕಾಶವಾಣಿಯ ಮಧ್ಯಮ ತರಂಗದಿಂದ ಮುದ್ರಿಸಿಕೊಂಡ ಪ್ರಸಂಗವಾದರೆ ಇನ್ನೂ ಕಡಿಮೆ: ಅಲ್ಲಿ ಕೇಂದ್ರಗಳ ನಡುವಿನ ಅಂತರವೇ 9 ಕಿಲೋಹರ್ಟ್ಸ್, ಸಾಮಾನ್ಯ ರೇಡಿಯೋ 5ರ ಆಸುಪಾಸಿನಲ್ಲೇ ಧ್ವನಿಯನ್ನು ಕತ್ತರಿಸುತ್ತದೆ. ಅದರಾಚೆ ಇರುವುದೆಲ್ಲ ಟೇಪಿನ ಸುಯ್ ಸದ್ದು. 192ರಲ್ಲಿ ಇಳಿಸಿದರೆ ಆ ಸದ್ದನ್ನೇ ಜೋಪಾನ ಮಾಡಿದಂತಾಯಿತು. ಒಂದು ಗಂಟೆಯ ಸ್ಟೀರಿಯೊಗೆ 16 ಬಿಟ್, 44.1ರಲ್ಲಿ 635 ಎಂಬಿ ಸಾಕಾಗುವಲ್ಲಿ 24 ಬಿಟ್, 192 ಎಂದರೆ 4 ಜಿಬಿಗೂ ಹೆಚ್ಚು ಜಾಗ ತಿನ್ನುತ್ತದೆ.

ಬಿಟ್ ಎಂದರೆ ಒಂದೊಂದು ಸ್ಯಾಂಪಲ್ಲನ್ನು ಎಷ್ಟು ಸೂಕ್ಷ್ಮವಾಗಿ ಅಳೆಯುತ್ತೇವೆ ಎಂಬುದು. 24 ಬಿಟ್ ಬೇಕಾದರೆ ಇಟ್ಟುಕೊಳ್ಳಿ, ತಕರಾರಿಲ್ಲ. ರೆಕಾರ್ಡಿಂಗ್ ಲೆವೆಲ್ ತಗ್ಗಿಸಿ, ಚಂಡೆಯ ಏರುಪೆಟ್ಟೂ ಆಡಾಸಿಟಿಯ ಮೀಟರಿನಲ್ಲಿ ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಲು ಅನುಕೂಲ. ಲ್ಯಾಪ್‌ಟಾಪಿನ ಮೈಕ್ ಕಿಂಡಿಗೆ ಮಾತ್ರ ತಂತಿ ಚುಚ್ಚಬೇಡಿ. ಅದು ಸಾಮಾನ್ಯವಾಗಿ ಮೊನೊ (ಎಡ ಬಲ ಬೇರೆಯಿಲ್ಲದ ಒಂದೇ ಧ್ವನಿ), ಟೇಪ್ ರೆಕಾರ್ಡರಿನ ಧ್ವನಿ ಅಲ್ಲಿ ಒಡೆಯುತ್ತದೆ. ಲೈನ್ ಇನ್ (ಟೇಪ್ ರೆಕಾರ್ಡರಿನಂಥ ಯಂತ್ರಗಳ ಧ್ವನಿಗೆಂದೇ ಇರುವ ಕಿಂಡಿ) ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಳ್ಳಿ.

ನೀವು ಕೇಳದಿದ್ದರೂ ಕೇಳಬೇಕಾಗಿದ್ದ ಪ್ರಶ್ನೆ ಬೇರೆ: ನಿಮ್ಮ ಟೇಪ್ ರೆಕಾರ್ಡರಿನ ಹೆಡ್, ಅಂದರೆ ಪಟ್ಟಿಗೆ ತಾಗಿ ಧ್ವನಿಯನ್ನು ಓದುವ ಭಾಗ, ನೇರವಾಗಿದೆಯೇ? ಅದು ಕೂದಲೆಳೆಯಷ್ಟು ವಾಲಿದರೂ ಜಾಗಟೆಯ ನಾದ ಮಂಕಾಗುತ್ತದೆ. ಆ ನಷ್ಟವನ್ನು ಯಾವ ಸೆಟ್ಟಿಂಗೂ ಸರಿಯಾಗಿ ತುಂಬಿಕೊಡದು. ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಹತ್ತಿಯಿಂದ ಒರೆಸಿ. ಪಕ್ಕದಲ್ಲಿ ಸ್ಪ್ರಿಂಗ್ ಹಾಕಿದ ಸಣ್ಣ ಸ್ಕ್ರೂ ಇರುತ್ತದೆ. ಅದು ಈಗಿರುವ ಕೋನವನ್ನು ಗುರುತು ಹಾಕಿಕೊಂಡು, ಮೊನೊದಲ್ಲಿ ಕೇಳುತ್ತಾ, ಅಯಸ್ಕಾಂತವಿಲ್ಲದ ಸ್ಕ್ರೂಡ್ರೈವರಿನಿಂದ ತುಸು ತುಸುವೇ ತಿರುಗಿಸಿ. ಜಾಗಟೆ ಅತಿ ಸ್ಪಷ್ಟವಾಗಿ ಕೇಳಿಸಿದಲ್ಲಿ ನಿಲ್ಲಿಸಿ. ಬೇರೆ ಬೇರೆ ಯಂತ್ರಗಳಲ್ಲಿ ಮುದ್ರಿಸಿದ ಕ್ಯಾಸೆಟ್‌ಗಳಿದ್ದರೆ ಪ್ರತಿಯೊಂದಕ್ಕೂ ಇದನ್ನು ಹೊಸದಾಗಿ ಮಾಡಬೇಕು.