ಸ್ವಿಫ್ಟ್ ಇಟ್ಟಿಗೆ: ಗೋಡೆಯೊಳಗೆ ಹಕ್ಕಿಗೊಂದು ಕೋಣೆ

ಬ್ರಿಟನ್ನಿನಲ್ಲಿ ಈಚೆಗೆ ಕಟ್ಟಿದ ಕೆಲವು ಮನೆಗಳ ಗೋಡೆಯನ್ನು ಕತ್ತೆತ್ತಿ ನೋಡಿದರೆ ಸೂರಿನ ಕೆಳಗೆ ಒಂದು ಸೀಳು ಕಾಣುತ್ತದೆ. ಸುಮಾರು 3 ಸೆಂ.ಮೀ. ಎತ್ತರ, 6.5 ಸೆಂ.ಮೀ. ಅಗಲ. ಗಾರೆಯವರು ಮುಚ್ಚೋದನ್ನು ಮರೆತಿದ್ದಾರೇನೋ ಅನ್ನಿಸುತ್ತದೆ. ಆದರೆ ಅದನ್ನು ಅಳತೆ ಮಾಡಿ, ಬೇಕೆಂದೇ ಬಿಟ್ಟಿರುತ್ತಾರೆ. ಸೀಳಿನ ಹಿಂದೆ ಗೋಡೆಯ ದಪ್ಪದಲ್ಲೇ ಒಂದು ಟೊಳ್ಳು ಪೆಟ್ಟಿಗೆ ಇರುತ್ತದೆ. ಇದಕ್ಕೆ ಸ್ವಿಫ್ಟ್ ಇಟ್ಟಿಗೆ ಎಂದು ಹೆಸರು.

ಸ್ವಿಫ್ಟ್ ಒಂದು ಹಕ್ಕಿ. ಬಾನಾಡಿ ಅನ್ನುವ ಮಾತು ನಮ್ಮಲ್ಲಿ ಎಲ್ಲ ಹಕ್ಕಿಗೂ ಸಲ್ಲುತ್ತದೆ. ಆದರೆ ಈ ಹಕ್ಕಿಗೆ ಒಪ್ಪಿದಷ್ಟು ಅದು ಇನ್ಯಾವುದಕ್ಕೂ ಒಪ್ಪಲಾರದು. ತೂಕ ಬರೀ 40 ಗ್ರಾಂ ಆಸುಪಾಸು. ತಿನ್ನುವುದು ಹಾರುತ್ತಲೇ, ನೀರು ಕುಡಿಯುವುದು ಹಾರುತ್ತಲೇ, ನಿದ್ದೆಯೂ ಹಾರುತ್ತಲೇ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಈ ಹಕ್ಕಿಗಳ ಬೆನ್ನಿಗೆ ಪುಟ್ಟ ಉಪಕರಣ ಕಟ್ಟಿ ನೋಡಿದರು. ಕೆಲವು ಹಕ್ಕಿಗಳು ವರ್ಷದಲ್ಲಿ 10 ತಿಂಗಳು ಎಲ್ಲೂ ಇಳಿಯದೇ ಹಾರಾಡಿಕೊಂಡೇ ಇದ್ದವು ಎಂದು 2016ರಲ್ಲಿ ಪ್ರಕಟಿಸಿದರು. ಅವುಗಳಿಗೆ ನೆಲ ಬೇಕಾಗಿಲ್ಲ, ಕೊಂಬೆಯೂ ಬೇಕಾಗಿಲ್ಲ. ಮೊಟ್ಟೆ ಇಡಲು ಮಾತ್ರ ಒಂದು ಬಿಲ ಬೇಕು. ಅಷ್ಟೇ.

ಆ ಬಿಲವನ್ನು ನೂರಾರು ವರ್ಷ ಕೊಟ್ಟಿದ್ದು ಮನುಷ್ಯರ ಮನೆಗಳೇ. ಹೆಂಚಿನ ಸಂದು, ಸೂರಿನ ಬಿರುಕು, ಉದುರಿದ ಗಾರೆ, ಹೀಗೆ ಎಲ್ಲೋ ಒಂದು ಕಡೆ ಜಾಗ ಸಿಗುತ್ತಿತ್ತು. ಸ್ವಿಫ್ಟ್ ಮೇ ತಿಂಗಳ ಹೊತ್ತಿಗೆ ಆಫ್ರಿಕಾದಿಂದ ಬ್ರಿಟನ್ನಿಗೆ ಬರುತ್ತದೆ. ವರ್ಷವೂ ಅದೇ ಬಿಲಕ್ಕೆ ಬರುತ್ತದೆ. ಮರಿ ಮಾಡಿಕೊಂಡು ಆಗಸ್ಟ್ ಹೊತ್ತಿಗೆ ವಾಪಸ್ ಹೊರಡುತ್ತದೆ.

ಆಮೇಲೆ ಮನೆಗಳು ಬದಲಾದವು. ಚಳಿ ಒಳಗೆ ಬರಬಾರದು, ಕರೆಂಟು-ಗ್ಯಾಸು ಉಳಿಯಬೇಕು ಎಂದು ಹಳೇ ಮನೆಗಳ ಸಂದುಗಳನ್ನೆಲ್ಲ ಮುಚ್ಚಿದರು. ಹೊಸ ಮನೆಗಳನ್ನಂತೂ ಗಾಳಿ ನುಸುಳದ ಹಾಗೆ ಕಟ್ಟಿದರು. ಇದರಲ್ಲಿ ಯಾರ ತಪ್ಪೂ ಇಲ್ಲ. ಮನೆ ಬೆಚ್ಚಗಿರಬೇಕು ಅನ್ನುವುದು ನ್ಯಾಯವಾದ ಆಸೆಯೇ. ಆದರೆ ಸಾವಿರಾರು ಕಿಲೋಮೀಟರ್ ಹಾರಿ ಬಂದ ಹಕ್ಕಿ ತನ್ನ ಬಾಗಿಲು ಇದ್ದ ಜಾಗಕ್ಕೆ ಬಂದು ಗೋಡೆಗೆ ಬಡಿದುಕೊಳ್ಳುತ್ತದಲ್ಲ, ಅದನ್ನು ನೆನೆಸಿಕೊಂಡರೆ ಹೊಟ್ಟೆ ಚುರುಕ್ ಅನ್ನುತ್ತದೆ. ಕೀಟಗಳು ಕಡಿಮೆಯಾಗಿರುವುದೂ ಇದಕ್ಕೆ ಸೇರಿಕೊಂಡಿತು. 1995ರಿಂದ ಈಚೆಗೆ ಬ್ರಿಟನ್ನಿನ ಸ್ವಿಫ್ಟ್‌ಗಳು ಅರ್ಧಕ್ಕಿಂತ ಜಾಸ್ತಿ ಕಡಿಮೆಯಾಗಿವೆ. 2021ರ ಡಿಸೆಂಬರಿನಲ್ಲಿ ಅವನ್ನು ಅಲ್ಲಿನ ಕೆಂಪು ಪಟ್ಟಿಗೆ, ಅಂದರೆ ಉಳಿವಿನ ಬಗ್ಗೆ ಅತಿ ಹೆಚ್ಚು ಆತಂಕವಿರುವ ಹಕ್ಕಿಗಳ ಪಟ್ಟಿಗೆ, ಸೇರಿಸಿದರು.

ಸ್ವಿಫ್ಟ್ ಇಟ್ಟಿಗೆ ಹುಟ್ಟಿದ್ದು ಇಲ್ಲಿಂದ. ಮನೆ ಬೆಚ್ಚಗೇ ಇರಲಿ, ಬಿಲವೂ ಇರಲಿ ಅನ್ನುವ ಲೆಕ್ಕ ಇದು. ಪೆಟ್ಟಿಗೆಗೆ ಹಿಂದೆ ತೂತಿಲ್ಲ. ಹಾಗಾಗಿ ಮನೆಯೊಳಗೆ ಗಾಳಿಯೂ ಬರುವುದಿಲ್ಲ, ಹಕ್ಕಿಯೂ ಬರುವುದಿಲ್ಲ. ಹೊರಗೆ ಕಾಣುವುದು ಸೀಳೊಂದೇ. ಒಂದು ಸಲ ಗೋಡೆಯಲ್ಲಿ ಕೂರಿಸಿದರೆ ಮತ್ತೆ ಅದರ ಉಸಾಬರಿ ಇಲ್ಲ. ಗೋಡೆ ಇರುವವರೆಗೆ ಗೂಡೂ ಇರುತ್ತದೆ. ಮರದ ಗೂಡುಪೆಟ್ಟಿಗೆ ನೇತುಹಾಕಿದರೆ ನಾಲ್ಕಾರು ಮಳೆಗಾಲಕ್ಕೆ ಕೊಳೆತು ಬಿದ್ದುಹೋಗುತ್ತದೆ, ಅಲ್ವಾ?

ಅಳತೆಯ ವಿಷಯ ನನಗೆ ತುಂಬಾ ಹಿಡಿಸಿದ್ದು. ಸೀಳಿನ ಎತ್ತರ 3 ಸೆಂ.ಮೀ. ಯಾಕೆ? ಸ್ವಿಫ್ಟ್ ಮೈ ತಗ್ಗಿಸಿ ನುಸುಳಲು ಅದು ಸಾಕು. ಅದಕ್ಕಿಂತ ದಪ್ಪಗಿರುವ ಸ್ಟಾರ್ಲಿಂಗ್ ಹಕ್ಕಿಗೆ ಸಾಲದು. ಇಟ್ಟಿಗೆ ನೆಲದಿಂದ 5 ಮೀಟರ್ ಎತ್ತರದಲ್ಲಿದ್ದರೆ ಒಳ್ಳೆಯದು. ಈ ಹಕ್ಕಿಯ ಕಾಲು ತೀರಾ ಗಿಡ್ಡ. ನೆಗೆದು ಹಾರುವುದಕ್ಕಿಂತ ಬಿಲದಿಂದ ಜಾರಿಬಿದ್ದು, ಬೀಳುತ್ತಲೇ ರೆಕ್ಕೆ ಬಿಚ್ಚುವುದು ಅದಕ್ಕೆ ಸುಲಭ. ಆದ್ದರಿಂದ ಕೆಳಗೆ ಮರದ ಕೊಂಬೆ, ವೈರು ಅಡ್ಡ ಬರಬಾರದು. ಬಿಸಿಲು ನೇರ ಬೀಳದ ಕಡೆ, ಸೂರಿನ ನೆರಳಲ್ಲಿ ಇಡಬೇಕು. ಇಲ್ಲದಿದ್ದರೆ ಮರಿಗಳು ಬೇಯುತ್ತವೆ. ಇವು ಗುಂಪಿನಲ್ಲಿ ಬಾಳುವ ಹಕ್ಕಿಗಳಾದ್ದರಿಂದ ಒಂದರ ಪಕ್ಕ ಇನ್ನೊಂದು ಅಂತ ನಾಲ್ಕಾರು ಇಟ್ಟಿಗೆ ಇಟ್ಟರೆ ಮೇಲು.

'ಹಸಿರು ಕಟ್ಟಡ' ಎಂದರೆ ನಮಗೆ ತಟ್ಟನೆ ನೆನಪಾಗುವುದು ಬಾಲ್ಕನಿ ತುಂಬಾ ಗಿಡ. ಇಟಲಿಯ ಮಿಲಾನ್‌ನಲ್ಲಿ 2014ರಲ್ಲಿ ಮುಗಿದ ಜೋಡಿ ಗೋಪುರಗಳ ಫೋಟೋ ನೀವೂ ನೋಡಿರಬಹುದು. ಬಾಲ್ಕನಿಗಳಲ್ಲೇ ಮರ ಬೆಳೆಸಿದ್ದಾರೆ. ಚೆನ್ನಾಗಿದೆ, ಬೇಡ ಅನ್ನಲಾರೆ. ಆದರೆ ಬೇರೆ ಜೀವಿಗಳ ಜೊತೆ ಬಾಳುವ ಕಟ್ಟಡ ಅಂದರೆ ಗಿಡ ನೆಡುವುದಷ್ಟೇ ಆಗಲಾರದು. ಈ ಊರಿನಲ್ಲಿ ಯಾವ ಜೀವಿ ಇದೆ, ಅದಕ್ಕೆ ಏನು ಬೇಕು, ಅದರ ಮೈಯಳತೆ ಎಷ್ಟು ಎಂದು ಕೇಳಿ ಕಟ್ಟಬೇಕು. ಕೆಲವು ಸಲ ಏನನ್ನೂ ಸೇರಿಸಬೇಕಾಗಿಲ್ಲ, ಅಪಾಯ ತೆಗೆದರೆ ಸಾಕು. ನ್ಯೂಯಾರ್ಕಿನ ಜಾವಿಟ್ಸ್ ಸೆಂಟರ್ ಎಂಬ ದೊಡ್ಡ ಸಮಾವೇಶ ಭವನದಲ್ಲಿ ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತಿದ್ದವು. ಗಾಜು ಬದಲಿಸಿ, ಸಣ್ಣ ಚುಕ್ಕಿಗಳಿರುವ ಗಾಜು ಹಾಕಿದರು. ಸಾವು ಸುಮಾರು 90% ಇಳಿಯಿತು.

ಆಲೋಚನೆ ಹೊಸದೂ ಅಲ್ಲ. ಇಸ್ತಾಂಬುಲ್‌ನಲ್ಲಿ ಒಟ್ಟೋಮನ್ ಕಾಲದ ಮಸೀದಿಗಳ ಗೋಡೆಯ ಮೇಲೆ ಕಲ್ಲಿನ ಹಕ್ಕಿಮನೆಗಳಿವೆ. ಗುಮ್ಮಟ, ಮಿನಾರು, ಬಾಲ್ಕನಿ ಎಲ್ಲ ಇರುವ ಪುಟ್ಟ ಅರಮನೆಗಳು. ಅವು ಗುಬ್ಬಚ್ಚಿಗಳಂಥ ಸಣ್ಣ ಹಕ್ಕಿಗಳಿಗಾಗಿ. ಉಸ್ಕುದಾರ್‌ನ ಯೆನಿ ವಾಲಿದೆ ಮಸೀದಿಯಲ್ಲಿ 18ನೇ ಶತಮಾನದ್ದು ಇನ್ನೂ ಇದೆ.

ಬ್ರಿಟನ್ನಿನಲ್ಲಿ ಈ ಇಟ್ಟಿಗೆಗಾಗಿ ದೊಡ್ಡ ಒತ್ತಾಯವೇ ನಡೆದಿದೆ. ಬ್ರೈಟನ್ ನಗರ 2020ರಲ್ಲೇ 5 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಿಗೆ ಇದು ಇರಬೇಕು ಎಂದಿತು. ಎಲ್ಲ ಹೊಸ ಮನೆಗೂ ಕಡ್ಡಾಯ ಮಾಡಿ ಎಂಬ ಮನವಿಗೆ 1 ಲಕ್ಷಕ್ಕಿಂತ ಜಾಸ್ತಿ ಜನ ಸಹಿ ಹಾಕಿ, 2023ರ ಜುಲೈಯಲ್ಲಿ ಅದು ಪಾರ್ಲಿಮೆಂಟಿನಲ್ಲಿ ಚರ್ಚೆಗೂ ಬಂತು. 2024ರಿಂದ ಇಂಗ್ಲೆಂಡಿನಲ್ಲಿ ಇನ್ನೊಂದು ನಿಯಮ ಇದೆ. ಕಟ್ಟಡ ಕಟ್ಟುವವರು ಪ್ರಕೃತಿಯನ್ನು ಮೊದಲಿಗಿಂತ 10% ಮೇಲಾಗಿ ಬಿಟ್ಟುಹೋಗಬೇಕು. ಒಳ್ಳೆಯದೇ. ಆದರೆ ಆ ಲೆಕ್ಕ ಹಿಡಿಯುವುದು ಹುಲ್ಲುಗಾವಲು, ಮರ, ಕೊಳಗಳನ್ನು. ಗೋಡೆಯ ಬಿಲ ಆ ಲೆಕ್ಕದಲ್ಲಿ ಇಲ್ಲ. ಮನೆಯನ್ನೇ ನೆಚ್ಚಿಕೊಂಡ ಹಕ್ಕಿ ಲೆಕ್ಕದಿಂದ ಹೊರಗೆ ಉಳಿಯಿತು.

ಇಟ್ಟಿಗೆ ಇಟ್ಟ ಕೂಡಲೇ ಹಕ್ಕಿ ಬರುವುದೂ ಇಲ್ಲ. ಎಳೆಯ ಸ್ವಿಫ್ಟ್‌ಗಳು ಮೊದಲು ಒಂದೆರಡು ವರ್ಷ ಸುಮ್ನೆ ಬಂದು, ಬಿಲದ ಬಾಯಿ ಮುಟ್ಟಿ ನೋಡಿ ಹೋಗುತ್ತವೆ. ಅಷ್ಟರಲ್ಲಿ ಗುಬ್ಬಚ್ಚಿ ಸೇರಿಕೊಂಡಿರುವುದೂ ಉಂಟು. ಅಲ್ಲಿ ಗುಬ್ಬಚ್ಚಿಯೂ ಕೆಂಪು ಪಟ್ಟಿಯಲ್ಲೇ ಇರುವುದರಿಂದ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಇದೇ ಇಟ್ಟಿಗೆಯನ್ನು ತಂದು ನಮ್ಮಲ್ಲಿ ಇಟ್ಟರೆ? ಹಾಗೇ ತರುವುದು ಸರಿಹೋಗದು. ನಮ್ಮ ಊರುಗಳಲ್ಲಿ ಸಂಜೆ ಕೀಚಲು ದನಿಯಲ್ಲಿ ಕೂಗುತ್ತಾ ಸುತ್ತುವ, ಬೆನ್ನ ಬುಡ ಬೆಳ್ಳಗಿರುವ ಸಣ್ಣ ಬಾನಾಡಿ ಬೇರೆ ಜಾತಿ. ಅದು ಸೇತುವೆ, ಹಳೇ ಕಟ್ಟಡಗಳ ಛಾವಣಿಯ ಅಡಿಗೆ ಗರಿ, ಹುಲ್ಲನ್ನು ಜೊಲ್ಲಿನಿಂದ ಅಂಟಿಸಿ ಗೂಡು ಮಾಡುತ್ತದೆ. ಅದಕ್ಕೆ ಸೀಳಿಗಿಂತ ಮರೆಯಿರುವ ಛಾವಣಿ ಮುಖ್ಯ. ಗುಬ್ಬಚ್ಚಿಗಾದರೆ 32 ಮಿ.ಮೀ. ಅಗಲದ ತೂತು ಸಾಕು.

ನಮ್ಮ ಮನೆ ಕಟ್ಟುವಾಗ ಇದನ್ನೇ ಮೇಸ್ತ್ರಿಗೆ ಹೇಳಿದೆ. ಸಜ್ಜಾದ ಕೆಳಗೆ ಮೂರು ಕಡೆ ಗುಬ್ಬಿಗೆ ಜಾಗ ಬಿಡಿ ಅಂದೆ. "ಹಾವು ಸೇರ್ಕೊಂಡ್ರೆ ಏನ್ ಮಾಡ್ತೀರಿ ಸಾರ್?" ಎಂದರು. ಆಮೇಲೆ ಅವರೇ ಯೋಚನೆ ಮಾಡಿ, ಹಿಡಿಯಲು ಏನೂ ಸಿಗದ ನುಣುಪು ಗೋಡೆಯಲ್ಲಿ, ಪೈಪಿನಿಂದ ದೂರಕ್ಕೆ ಮೂರು ಮಣ್ಣಿನ ಕುಡಿಕೆ ಕೂರಿಸಿ ಸುತ್ತ ಗಾರೆ ಮೆತ್ತಿದರು. ಬಾಯಿ ಎಷ್ಟಿರಬೇಕು ಎಂದು ನಾನು ಕಾಗದದಲ್ಲಿ ಬರೆದುಕೊಟ್ಟಿದ್ದೆ. ಅವರು ಅದನ್ನು ಜೇಬಿಗಿಟ್ಟು, ತಮ್ಮ ಹೆಬ್ಬೆರಳು ಒಳಗೆ ಹಾಕಿ ತಿರುಗಿಸಿ ಅಳೆದರು.

ಮೊದಲ ವರ್ಷ ಯಾವ ಹಕ್ಕಿಯೂ ಬರಲಿಲ್ಲ. ಎರಡನೇ ವರ್ಷವೂ ಇಲ್ಲ. ಈ ಯುಗಾದಿಯ ಆಸುಪಾಸಿನಲ್ಲಿ ನಡುವಿನ ಕುಡಿಕೆಯಿಂದ ಒಂದು ಒಣಹುಲ್ಲಿನ ಎಳೆ ಹೊರಗೆ ನೇತಾಡುತ್ತಿತ್ತು.